ಬಾಗಿಲ ಮೇಲಿನ ಕೆಂಪು ಅಂಗೈ

ಆ ದೀಪ ಇನ್ನೊಂದು ಚೂರು ತಗ್ಗಿಸಿ. ಹಾಂ... ಸಾಕು.

ಇದು ನಮ್ಮ ಹಿಂದಿನ ಬೀದಿಯ ಜೆಲ್ಲೂಲನ ಮನೆಯಲ್ಲಿ ಆದದ್ದು. ಓರಾನ್ ಊರಲ್ಲಿ, ಬಂದರಿನ ಮೇಲಿನ ಹಳೇ ಕೇರಿಗೆ ಹೋಗಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ತೋರಿಸಿ, ತಕ್ಷಣ ಕೈ ಜೇಬಿಗೆ ಹಾಕಿಕೊಳ್ಳುತ್ತಾರೆ. ಅರ್ಧ ಕತೆ ಜೆಲ್ಲೂಲನೇ ಒಮ್ಮೆ ತನ್ನ ಗೆಳೆಯ ಮಿಲೂದನ ಹತ್ತಿರ ಬಾಯಿಬಿಟ್ಟದ್ದು. ಉಳಿದರ್ಧ ಅವನ ತಂಗಿ ಬದ್ರಾ ನನ್ನ ಹೆಂಡತಿಗೆ ಹೇಳಿದ್ದು. ನಾನು ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ, ಅಷ್ಟೇ. ನನ್ನ ಕಡೆಯಿಂದ ಒಗ್ಗರಣೆ ಹಾಕಿಲ್ಲ.

ಆ ರಾತ್ರಿ ಜೆಲ್ಲೂಲ್ ಮತ್ತು ಮಿಲೂದ್ ಕಾಫಿ ಅಂಗಡಿಯಲ್ಲಿ ಡಾಮಿನೋ ಆಡಿ ಮನೆ ಕಡೆ ಬರುತ್ತಿದ್ದರು. ಬೀದಿಯ ಎರಡೂ ಕಡೆ ಫ್ರೆಂಚರು ನೆಟ್ಟು ಹೋದ ಮರಗಳು. ಆಲದ ಜಾತಿಯವೇ, ಬಿಳಲು ಮಾತ್ರ ಇಲ್ಲ. ಹಗಲೆಲ್ಲ ಗುಬ್ಬಿಗಳ ಗದ್ದಲ. ಆಗ ಒಂದೂ ಉಸಿರೆತ್ತುತ್ತಿರಲಿಲ್ಲ. ಇವರ ಚಪ್ಪಲಿ ಸದ್ದೊಂದೇ... ಪಟ್... ಪಟ್...

ಮರಗಳು ಮುಗಿಯುವ ಕಡೆ ಮನೆ ನಿಂತಿತ್ತು. ಬೆಳ್ಳಗೆ.

‘ಥೂ,’ ಅಂದ ಮಿಲೂದ್. ‘ಹೆಣಕ್ಕೆ ಕಫನ್ ಹೊದಿಸಿ ನಿಲ್ಲಿಸಿದ ಹಾಗಿದೆ ಕಣೋ.’

‘ಅದಕ್ಕೇ ಹಾಗೆ ಮಾಡಿರೋದು,’ ಅಂದ ಜೆಲ್ಲೂಲ್. ‘ನಿನ್ನಂಥವನಿಗೂ ಅರ್ಥ ಆಯ್ತು ಅಂದ್ರೆ ನಾನು ಗೆದ್ದೆ.’

‘ನಾಳೆ ಬೆಕ್ಕಿಗೂ ಸುಣ್ಣ ಬಳೀತೀಯಾ?’

‘ಅಲ್ಲಾಡದೆ ನಿಂತ್ರೆ ನಿನಗೂ ಬಳೀತೀನಿ.’

ಜೆಲ್ಲೂಲ್ ಚಿತ್ರಕಲಾ ಶಾಲೆಯಲ್ಲಿ ಮೇಷ್ಟ್ರು. ನಾಲಿಗೆ ಬಹಳ ಚೂಪು. ಕೆಲಸ ಬಲ್ಲವನು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎದುರಿಗಿರುವವರ ಕಣ್ಣಲ್ಲಿ ನೀರು ಬಂದರೆ ಅದನ್ನೂ ಬಣ್ಣ ನೋಡುವ ಹಾಗೆ ನೋಡುತ್ತಾ ನಿಲ್ಲುವ ಪೈಕಿ. ಅವನಿದ್ದ ಮನೆ ಫ್ರೆಂಚ್ ದೊರೆಯೊಬ್ಬ ತನ್ನ ಹೆಂಡತಿಗೆ ಕಟ್ಟಿಸಿಕೊಟ್ಟದ್ದು. ಕಟ್ಟಿದ್ದು ಮಾತ್ರ ನಮ್ಮವರ ಮನೆಯಂತೆ... ಕುದುರೆ ಲಾಳದಂಥ ಕಮಾನು, ಹಸಿರು ಹೆಂಚು, ಗೋಡೆ ತುಂಬ ನೀಲಿ ಹಳದಿ ಬಿಲ್ಲೆಗಳು. ಮಿಠಾಯಿ ಡಬ್ಬಿಯ ಹಾಗೆ ಮಿರಮಿರ ಅನ್ನುತ್ತಿತ್ತು. ಸ್ವಾತಂತ್ರ್ಯ ಬಂದು ಅವರು ಹಡಗು ಹತ್ತಿದ ಮೇಲೆ ಕೆಳಮನೆ ಜೆಲ್ಲೂಲನ ಅಜ್ಜಿಯ ಪಾಲಿಗೆ ಬಂತು. ಮೇಲ್ಮಹಡಿಯ ಮಾಳಿಗೆ ಸೋರುತ್ತದೆ ಅಂತ ಬೀಗ ಹಾಕಿದ್ದರು.

ಜೆಲ್ಲೂಲ್ ಹೇಳುತ್ತಿದ್ದದ್ದು ಹೀಗೆ: ‘ಅವರು ನಮ್ಮ ನೆಲ ಕದ್ರು, ಆಮೇಲೆ ನಮ್ಮ ಬಣ್ಣಾನೂ ಕದ್ದು ಮೈಗೆ ಬಳ್ಕೊಂಡ್ರು. ಆ ಬಣ್ಣ ಕಿತ್ತುಹಾಕಿ ನೋಡ್ರಿ. ಕಮಾನಿನ ಹಿಂದೆ ಬ್ಯಾರಕ್ಕಿನ ಗೋಡೆ ಕಾಣ್ತದೆ. ಕಳ್ಳನ ಮೂಳೆ ಕಾಣ್ತದೆ.’

ಮಾತು ಸುಳ್ಳಲ್ಲ. ಹೀಗಂತ ಇಡೀ ಮನೆಯ ಬಣ್ಣ ತೆಗೆದ. ಬಿಲ್ಲೆಗಳ ಮೇಲೆ ಸುಣ್ಣ, ಕಿಟಕಿ ಬಾಗಿಲಿಗೆ ಉಪ್ಪುಕಾಗದ ಹಾಕಿ ತಿಕ್ಕಿ ಸುಣ್ಣ, ಕುರ್ಚಿ, ರೇಡಿಯೋ, ಹಿತ್ತಾಳೆ ತಟ್ಟೆ ಎಲ್ಲಕ್ಕೂ ಸುಣ್ಣ. ಪರದೆಗಳನ್ನು ಜಾವೆಲ್‌ನಲ್ಲಿ ಅದ್ದಿದ. ನಮ್ಮ ಹೆಂಗಸರು ಬಟ್ಟೆ ಬೆಳ್ಳಗಾಗಲು ಹಾಕುತ್ತಾರಲ್ಲ, ಆ ಖಾರ ವಾಸನೆಯ ನೀರು. ಕೊನೆಗೆ ಸತ್ತ ಅಪ್ಪನ ಬಣ್ಣದ ಫೋಟೋವನ್ನೂ ಅದರಲ್ಲಿ ಅದ್ದಿದ. ಅವನ ತಾಯಿ ಖೈರಾ ಆ ಫೋಟೋ ಕೈಲಿ ಹಿಡಿದು ನೋಡಿದಳು. ಮುಖ ಇರಲಿಲ್ಲ, ಮೀಸೆಯ ನೆರಳಷ್ಟೇ ಇತ್ತು. ಮಗಳ ಮದುವೆ ಹತ್ತಿರ ಬಂದಿತ್ತು. ಮನೆಯಲ್ಲಿ ರಂಪ ಬೇಡ ಅಂತ ನುಂಗಿಕೊಂಡಳು.

ಬದ್ರಾಳದು ಅದು ಮೂರನೇ ನಿಶ್ಚಿತಾರ್ಥ. ಮೊದಲೆರಡು ಮುರಿದಿದ್ದವು. ಒಬ್ಬ ವೀಸಾ ಸಿಕ್ಕಿತು ಅಂತ ಹೋದ, ಇನ್ನೊಬ್ಬನ ತಾಯಿಗೆ ಹುಡುಗಿ ಕಪ್ಪಾಗಿ ಕಂಡಳು. ಈಗ ಸನೂಸಿ ಅನ್ನುವ ಹುಡುಗ, ಬೇಕರಿಯವರ ಮಗ. ಇದೊಂದು ಕೂಡಿಬಂದರೆ ಸಾಕು ಅಂತ ತಾಯಿ ಮಗಳು ಉಸಿರು ಬಿಗಿಹಿಡಿದು ಕೂತಿದ್ದರು. ಇದೂ ತಪ್ಪಿದರೆ ನಮ್ಮ ಕೇರಿಯಲ್ಲಿ ಆ ಹುಡುಗಿಯ ಕತೆ ಮುಗಿದ ಹಾಗೆ.

ಇಡೀ ಮನೆಯಲ್ಲಿ ಬಣ್ಣ ಉಳಿದದ್ದು ಒಂದೇ ಕಡೆ. ತಲೆಬಾಗಿಲ ಮೇಲೆ, ಕಮಾನಿನ ನಡುಮಧ್ಯೆ, ಕೆಂಪು ಅಂಗೈ ಗುರುತು. ಮದರಂಗಿಯದು.

ಮಿಲೂದ್ ಅದರ ಕಡೆ ಗದ್ದ ಎತ್ತಿ ತೋರಿಸಿದ. ‘ಅದನ್ನೊಂದು ಬಿಟ್ಟಿದ್ದೀಯಲ್ಲ, ಪುಣ್ಯಾತ್ಮ.’

‘ಈಗ ತೆಗೀತೀನಿ. ನಾಳೆ ರಾಜಧಾನಿಯಿಂದ ಚಿತ್ರಪ್ರದರ್ಶನದವರು ಈ ಮನೆ ನೋಡೋಕೆ ಬರ್ತಾರೆ. ಬೆಳ್ಳನೆ ಗೋಡೆ ಮೇಲೆ ಅದು ಗಾಯದ ಥರ ಕಾಣ್ತದೆ.’

‘ಬೇಡ ಕಣೋ.’ ಮಿಲೂದನ ದನಿ ಇಳಿಯಿತು. ‘ಅದು ನಿಮ್ಮಜ್ಜಿ ಕೈ.’

ಅಜ್ಜಿ ರಹ್ಮಾಳ ವಿಷಯ ನಮ್ಮ ಕೇರಿಗೆಲ್ಲ ಗೊತ್ತು. ಫ್ರೆಂಚರ ಕಾಲದಲ್ಲಿ ಅವಳು ಅದೇ ಮನೆಯ ಕೆಲಸದವಳು. ಹಬ್ಬದ ದಿನ ಮದರಂಗಿ ಹಾಕಿಕೊಂಡು ಹೋದರೆ ಮನೆಯ ದೊರೆಸಾನಿ, ಆ ಮದಾಮ್, ಬಾಗಿಲಲ್ಲೇ ನಿಲ್ಲಿಸಿ ಕೈ ತೋರಿಸು ಅನ್ನುತ್ತಿದ್ದಳಂತೆ. ಕೆಂಪು ಕೈ ಊಟಕ್ಕೆ ಬಡಿಸಿದರೆ ಅತಿಥಿಗಳಿಗೆ ವಾಕರಿಕೆ. ಅಲ್ಲೇ ಬಕೆಟ್ ತರಿಸಿ, ಜಾವೆಲ್ ಸುರಿದು, ನಾರಿನ ಬ್ರಷ್ಷಿನಿಂದ ತಾನೇ ಕೂತು ತಿಕ್ಕುತ್ತಿದ್ದಳು. ಬಣ್ಣ ಹೋಗುವ ತನಕ... ಕೆಲವೊಮ್ಮೆ ಚರ್ಮ ಹೋಗುವ ತನಕ. ಆ ಮದಾಮ್ ಹಡಗು ಹತ್ತಲಿಲ್ಲ. ಹೊರಡುವ ಹಿಂದಿನ ದಿನ ಮೇಲ್ಮಹಡಿಯಲ್ಲೇ ಎದೆ ಹಿಡಿದುಕೊಂಡು ಸತ್ತಳು. ಅಜ್ಜಿ ಮನೆ ಹೊಕ್ಕ ದಿನ ಮೂಲೆ ಮೂಲೆಗೆ ಉಪ್ಪು ಹಾಲು ಚೆಲ್ಲಿ, ಮದರಂಗಿಯಲ್ಲಿ ಕೈ ಅದ್ದಿ, ಏಣಿ ಹತ್ತಿ, ಬಾಗಿಲ ಮೇಲೆ ಒತ್ತಿದಳು. ‘ಇಗೋ ನೋಡು. ಇನ್ನು ಇದನ್ನ ತಿಕ್ಕೋಕೆ ನಿನ್ನಿಂದ ಆಗಲ್ಲ’ ಅಂದಳಂತೆ.

ಜೆಲ್ಲೂಲ್ ನಕ್ಕ. ‘ಸತ್ತವಳಿಗೆ ಹೆದರಿ ಒಂದು ಕೊಳಕು ಗುರುತನ್ನ ಇಟ್ಕೋಬೇಕಾ? ನೀನು ಮನೆಗೆ ಹೋಗು. ನಿನ್ನ ಹೆಂಡತಿ ಕಾಯ್ತಿರ್ತಾಳೆ ಬೈಯೋಕೆ.’

ಮಿಲೂದ್ ಹೋದ. ಜೆಲ್ಲೂಲ್ ಏಣಿ ತಂದ. ಬಕೆಟ್ಟಿಗೆ ಜಾವೆಲ್ ಸುರಿದ. ಅದ್ದಿದ. ತಿಕ್ಕಿದ.

ಗರಕ್... ಗರಕ್... ಗರಕ್...

ಅಷ್ಟು ವರ್ಷದ ಮದರಂಗಿ, ಒಣಗಿ ಕಲ್ಲಾಗಿರಬೇಕಲ್ಲ? ಹಸಿಯಾಗಿತ್ತಂತೆ. ಅವನ ಮಣಿಕಟ್ಟಿನ ತನಕ ಕೆಂಪಗೆ ಇಳಿಯಿತು. ಗೋಡೆಯ ಮೇಲಿನ ಬೆರಳೊಂದೊಂದೇ ಮಾಸಿತು. ಕೊನೆಗೆ ಹೆಬ್ಬೆರಳು ಹೋಯಿತು. ಅವನು ಕೈ ನಿಲ್ಲಿಸಿದ.

ಗರಕ್...

ಸದ್ದು ಇನ್ನೊಂದು ಸಲ ಬಂತು. ಮನೆಯ ಒಳಗಿನಿಂದ.

ಅವನು ಏಣಿಯ ಮೇಲೆ ಹಾಗೇ ನಿಂತ. ಮತ್ತೆ ಏನೂ ಇಲ್ಲ. ಇಲಿ ಇರಬೇಕು ಅಂದುಕೊಂಡು ಇಳಿದ. ಕೈ ತೊಳೆದ. ಸೋಪು ಹಾಕಿದ, ಸೀಮೆಎಣ್ಣೆ ಹಾಕಿದ, ಜಾವೆಲ್ಲನ್ನೇ ಹಾಕಿದ. ಅವನ ಕೈಯ ಕೆಂಪು ಹೋಗಲಿಲ್ಲ.

ಮರುದಿನ ರಾಜಧಾನಿಯವರು ಬಂದರು, ತಲೆದೂಗಿದರು, ಮನೆಯ ಫೋಟೋಗಳನ್ನು ಪ್ರದರ್ಶನಕ್ಕೆ ತರಲು ಹೇಳಿ ಹೋದರು. ಅವರ ಕಾರು ತಿರುವು ದಾಟುವ ತನಕ ಖೈರಾ ನಗುನಗುತ್ತಾ ನಿಂತಿದ್ದಳು. ದಾಟಿದ ಮೇಲೆ ಮಗನ ಕೆನ್ನೆಗೆ ಬಾರಿಸಿದಳು.

‘ನಿಮ್ಮಜ್ಜಿ ಚರ್ಮ ಸುಲಿದವಳ ಕೆಲಸಾನ ನೀನೇ ಮುಗಿಸಿದೆಯಲ್ಲೋ, ಮುಂಡೇದೇ!’

‘ಅಮ್ಮಾ, ಅದು ಬರೀ ಬಣ್ಣ...’

‘ನಿನ್ನ ಅಪ್ಪನ ಮುಖಾನೂ ಬರೀ ಬಣ್ಣ. ನಿನ್ನ ತಂಗಿ ಮದುವೆ ಮುಗೀಲಿ. ಆಮೇಲೆ ಈ ಮನೇಲಿ ನೀನಿರಬೇಕು, ಇಲ್ಲ ನಾನಿರಬೇಕು.’

ಬದ್ರಾ ನಡುವೆ ಬಂದು ಅಮ್ಮನ ಕೈ ಹಿಡಿದಳು. ‘ಬಿಡಮ್ಮಾ. ಅಣ್ಣ ಬೇಕಂತ ಮಾಡಿಲ್ಲ. ನನ್ನ ಮದರಂಗಿ ದಿನ ಹೊಸದಾಗಿ ನಾನೇ ಒತ್ತೀನಿ.’

ಆ ಹುಡುಗಿ ಯಾವತ್ತೂ ಅವನ ಪರವೇ.

ಮದರಂಗಿ ಶಾಸ್ತ್ರ ಮಾರನೇ ಸಂಜೆ. ಗಂಡಿನ ತಾಯಿ ಹಾಜ್ಜಾ ಔದಾ ಹೆಂಗಸರ ದಂಡು ಕಟ್ಟಿಕೊಂಡು ಬಂದಳು. ಮನೆಯೊಳಗೆ ಕಾಲಿಟ್ಟವಳೇ, ‘ಇದೇನು, ಆಸ್ಪತ್ರೆಗೆ ಬಂದ್ವಾ?’ ಅಂದಳು. ಎಲ್ಲರೂ ನಕ್ಕರು, ಖೈರಾಳೂ ನಗಬೇಕಾಯಿತು. ಬದ್ರಾಳ ಅಂಗೈಯಲ್ಲಿ ಮದರಂಗಿ ಮೆತ್ತಿ, ನಡುವೆ ಬಂಗಾರದ ಬಿಲ್ಲೆ ಇಟ್ಟು, ಹತ್ತಿ ಸುತ್ತಿ, ಕೆಂಪು ಸ್ಯಾಟಿನ್ ಚೀಲ ತೊಡಿಸಿ ಹಾಜ್ಜಾ ಔದಾ ತನ್ನ ಕೈಯಾರೆ ಗಂಟು ಹಾಕಿದಳು. ಹೆಂಗಸರು ಗಂಟಲು ಕಿತ್ತುಬರುವ ಹಾಗೆ ಯೂ-ಯೂ ಅಂತ ಸಂಭ್ರಮದ ಕೂಗು ಹಾಕಿದರು. ಈ ಗಂಟನ್ನು ಬೆಳಗಿನ ತನಕ ಬಿಚ್ಚಬಾರದು. ಬಣ್ಣ ಎಷ್ಟು ಗಾಢವಾಗಿ ಹತ್ತಿದರೆ ಹುಡುಗಿಗೆ ಗಂಡನ ಮನೆಯಲ್ಲಿ ಅಷ್ಟು ನೆಲೆ. ಆ ಗಲಾಟೆಯಲ್ಲಿ ಬಾಗಿಲ ಮೇಲೆ ಕೈ ಒತ್ತುವ ಮಾತು ಎಲ್ಲರಿಗೂ ಮರೆತೇಹೋಯಿತು.

ರಾತ್ರಿ. ಎಲ್ಲ ಹೋಗಿ, ಮನೆ ತಣ್ಣಗಾದ ಮೇಲೆ... ಜೆಲ್ಲೂಲನಿಗೆ ಬಾಯಾರಿಕೆಯಾಗಿ ಎಚ್ಚರವಾಯಿತು. ಎದ್ದು ನಡುಮನೆಗೆ ಬಂದ. ದೀಪ ಹಾಕಲಿಲ್ಲ. ಬಿಳಿ ಮನೆ, ಕತ್ತಲಲ್ಲೂ ದಾರಿ ಕಾಣುತ್ತಿತ್ತು.

ಟಕ್.

ಮೇಲ್ಮಹಡಿಯ ಮೆಟ್ಟಿಲಲ್ಲಿ. ಹಿಮ್ಮಡಿ ಎತ್ತರದ ಬೂಟಿನ ಸದ್ದು.

ಟಕ್... ಟಕ್... ಟಕ್... ನಡುವೆ ತಗಡಿನ ಬಕೆಟ್ಟಿನ ಹಿಡಿ ಬಡಿದ ಸದ್ದು, ಟಣ್. ಒಳಗಿನ ನೀರು ತುಳುಕಿ ಚಳಕ್ ಅಂದದ್ದು. ಕೊನೇ ಮೆಟ್ಟಿಲು. ಆಮೇಲೆ ನೆಲದ ಬಿಲ್ಲೆ. ಆಮೇಲೆ... ನಿಂತಿತು. ಅವನ ಎದುರಿಗೇ ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಉಸಿರು ಮಾತ್ರ ಅವನ ಮುಖಕ್ಕೆ ತಾಗುತ್ತಿತ್ತು.

‘ಕೈ ತೋರಿಸು.’

ಫ್ರೆಂಚಿನಲ್ಲಿ. ಪಿಸುದನಿ. ಬಹಳ ಮರ್ಯಾದೆಯ ದನಿ.

ಜೆಲ್ಲೂಲ್ ಎರಡೂ ಕೈ ಬೆನ್ನ ಹಿಂದೆ ಒಯ್ದ. ಮಣಿಕಟ್ಟಿನ ತನಕ ಕೆಂಪಗಿದ್ದ ಕೈ.

‘ನಾನು... ಈ ಮನೆ ಮಗ.’

‘ಕೈ.’

‘ನಾನು ಹಾಕ್ಕೊಂಡಿಲ್ಲ. ನಾನಲ್ಲ.’

ಉಸಿರು ಇನ್ನೂ ಹತ್ತಿರ ಬಂತು. ಬಕೆಟ್ ಕೆಳಗಿಟ್ಟ ಸದ್ದು. ನಾರಿನ ಬ್ರಷ್ಷನ್ನು ನೀರಿಗೆ ಅದ್ದಿ ಎತ್ತಿದ ಸದ್ದು... ತೊಟ್... ತೊಟ್...

ಆಗ ಅವನು ಹೇಳಿದ. ಇದನ್ನು ಅವನೇ ಮಿಲೂದನ ಹತ್ತಿರ ಒಪ್ಪಿಕೊಂಡದ್ದು, ನಾನು ಕಟ್ಟಿದ್ದಲ್ಲ.

‘ಅಲ್ಲಿ... ಒಳಗಿದ್ದಾಳೆ. ಎರಡನೇ ಬಾಗಿಲು.’

ಆಮೇಲೆ ಅವನ ತಲೆಯ ಮೇಲೆ ಯಾರೋ ಕೈಯಾಡಿಸಿದರು. ಮೆಲ್ಲಗೆ.

‘ಜಾಣ ಹುಡುಗ.’

ಬಕೆಟ್ಟಿನ ಹಿಡಿ ಟಣ್ ಅಂತು. ಎರಡನೇ ಬಾಗಿಲು ಕಿರ್... ಅಂತ ತೆರೆಯಿತು. ಮುಚ್ಚಿತು. ಆಮೇಲೆ ಶುರುವಾಯಿತು ನೋಡಿ. ಗರಕ್... ಗರಕ್... ಗರಕ್... ಒಂದೇ ಹದದಲ್ಲಿ, ಅವಸರವಿಲ್ಲದೆ, ಪಾತ್ರೆ ತಿಕ್ಕುವವರ ಹಾಗೆ. ನಡುವೆ ಒಂದೇ ಒಂದು ಸಲ ಬದ್ರಾಳ ದನಿ ಬಂತು. ಕಿರುಚಾಟ ಅಲ್ಲ, ಪಿಸುಮಾತು.

‘ಅಣ್ಣಾ...’

ಅವನು ತನ್ನ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡ. ತಲೆ ಮೇಲೆ ದಿಂಬು ಒತ್ತಿಕೊಂಡ. ಒಂದು ಬಾಗಿಲು, ಅಷ್ಟೇ ಅಲ್ಲವೇ ನಡುವೆ ಇದ್ದದ್ದು!

ಬೆಳಿಗ್ಗೆ ಖೈರಾ ಗಂಟು ನೋಡಿದಳು. ಹಾಜ್ಜಾ ಔದಾ ಹಾಕಿದ ಗಂಟು, ಒಂದೆಳೆಯೂ ಸಡಿಲವಾಗಿರಲಿಲ್ಲ. ಬಿಚ್ಚಿದಳು. ಒಣಗಿದ ಮದರಂಗಿ ಇಡಿಯಾಗಿ, ಅಚ್ಚಿನಿಂದ ಬಿದ್ದ ಬೆಲ್ಲದ ಹಾಗೆ ಕಳಚಿ ಬಿತ್ತು. ಒಳಗೆ ಅಂಗೈ ಬೆಳ್ಳಗಿತ್ತು. ನಮ್ಮ ನಿಮ್ಮ ಅಂಗೈಯ ಬಿಳುಪಲ್ಲ. ತೊಳೆದಿಟ್ಟ ಪಿಂಗಾಣಿ ಬಸಿಯ ಬಿಳುಪು. ಗೆರೆಗಳಿರಲಿಲ್ಲ. ಒಂದೂ ಇರಲಿಲ್ಲ.

ಬದ್ರಾ ಅಳಲಿಲ್ಲ. ‘ನೋಯ್ತಿಲ್ಲಮ್ಮ,’ ಅಂದಳು. ‘ಏನೂ ಗೊತ್ತಾಗ್ತಾನೇ ಇಲ್ಲ.’

ಖೈರಾ ಎದ್ದು ಮಗನ ಕೋಣೆಗೆ ಹೋದಳು. ‘ನಿನ್ನ ಕೈ ತೋರಿಸೋ.’

ಅವನು ಈ ಸಲ ತೋರಿಸಿದ. ದಾಳಿಂಬೆ ಕಾಳಿನಂತೆ ಕೆಂಪಗಿತ್ತು. ತಾಯಿ ಬಹಳ ಹೊತ್ತು ನೋಡಿದಳು.

‘ನಿನಗೆ ಚೆನ್ನಾಗಿ ಹತ್ತಿದೆ,’ ಅಂದಳು.

ಮದುವೆ ನಿಲ್ಲಿಸಲು ಆಗುತ್ತದೆಯೇ? ಬಿಳಿ ಗೌನಿಗೆ ಬಿಳಿ ಕೈಗವಸು ಹೊಂದುತ್ತದೆ ಅಂತ ಮೊಳಕೈ ತನಕ ಬರುವ ಕೈಗವಸು ತೊಡಿಸಿದಳು. ‘ಯಾರು ಕೇಳಿದ್ರೂ ತೆಗೀಬೇಡ. ಬಾಯಿ ಬಿಟ್ಟೆಯೋ, ನಿನ್ನ ಜೊತೆ ನಾನೂ ಸತ್ತ ಲೆಕ್ಕ.’ ಕಾರುಗಳು ಹಾರ್ನ್ ಬಾರಿಸಿಕೊಂಡು ಹೊರಟವು. ಜೆಲ್ಲೂಲ್ ತಂಗಿಯ ಪಕ್ಕದಲ್ಲಿ ಕೂತಿದ್ದ. ಜೇಬಿನಿಂದ ಕೈ ತೆಗೆಯಲಿಲ್ಲ.

ಆದರೆ ತಾಯಿ ಒಂದನ್ನು ಮರೆತಿದ್ದಳು. ಮರೆತಳೋ, ದೇವರ ಮೇಲೆ ಭಾರ ಹಾಕಿದಳೋ... ನಮ್ಮಲ್ಲಿ ಹೊಸ ಸೊಸೆ ಹೊಸ್ತಿಲು ದಾಟುವ ಮುಂಚೆ ಬರಿಗೈಯನ್ನು ಮದರಂಗಿ ಬಟ್ಟಲಲ್ಲಿ ಅದ್ದಿ ಬಾಗಿಲ ಮೇಲೆ ಒತ್ತಬೇಕು. ಒತ್ತದೆ ಒಳಗೆ ಹೋದವಳು ನೆಂಟಳಾಗುತ್ತಾಳೆಯೇ ಹೊರತು ಮನೆಯವಳಾಗುವುದಿಲ್ಲ.

ಹಾಜ್ಜಾ ಔದಾ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ‘ಗವಸು ತೆಗಿಯಮ್ಮ.’

ಬದ್ರಾ ತಾಯಿಯ ಕಡೆ ನೋಡಿದಳು. ತಾಯಿ ನೆಲ ನೋಡಿದಳು.

‘ನಾಚಿಕೇನಾ? ನಾನೇ ತೆಗೀತೀನಿ ಬಾ.’ ಅತ್ತೆ ಬೆರಳ ತುದಿ ಹಿಡಿದು ಎಳೆದಳು. ಯೂ-ಯೂ ಕೂಗುತ್ತಿದ್ದ ಹೆಂಗಸರಲ್ಲಿ ಮುಂದಿದ್ದವರ ದನಿ ಮೊದಲು ನಿಂತಿತು. ಆಮೇಲೆ ಹಿಂದಿನವರದು.

ಬದ್ರಾ ಗಟ್ಟಿಗಿತ್ತಿ. ಬಟ್ಟಲಿಗೆ ಕೈ ಅದ್ದಿದಳು. ಮೊಣಕೈ ಎತ್ತಿ, ತುದಿಗಾಲ ಮೇಲೆ ನಿಂತು, ಬಾಗಿಲ ಮೇಲೆ ಒತ್ತಿದಳು. ಕೈ ತೆಗೆದಳು. ಗೋಡೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಮದರಂಗಿ ಪೂರ್ತಿ ಜಾರಿ ಹೊಸ್ತಿಲ ಮೇಲೆ ತಪ್ಪ್ ಅಂತ ಬಿತ್ತು. ಮತ್ತೆ ಅದ್ದಿದಳು. ಮತ್ತೆ ಒತ್ತಿದಳು. ಮತ್ತೆ ತಪ್ಪ್. ಇನ್ನೊಂದು ಸಲ ಅಂತ ಬಟ್ಟಲಿಗೆ ಕೈ ಚಾಚಿದಾಗ ಹಾಜ್ಜಾ ಔದಾ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು.

‘ಹೆಣದ ಕೈಗೆ ಮಾತ್ರ ಮದರಂಗಿ ಹತ್ತಲ್ಲ,’ ಅಂದಳು. ಎಲ್ಲರಿಗೂ ಕೇಳುವ ಹಾಗೆ. ‘ಕರ್ಕೊಂಡು ಹೋಗಿ. ತೊಳೆದು ಹೂತುಬಿಡಿ.’

ಸನೂಸಿ ಅಲ್ಲೇ ಇದ್ದ, ಹೊಸ ಸೂಟಿನಲ್ಲಿ. ಅವನು ತನ್ನ ಬೂಟು ನೋಡಿಕೊಂಡ. ಬದ್ರಾ ಅವನನ್ನು ಹೆಸರು ಹಿಡಿದು ಕರೆದಳು. ಅವನು ತಲೆ ಎತ್ತಲಿಲ್ಲ. ಬಾಗಿಲು ಮುಚ್ಚಿತು. ಒಳಗೆ ಅಡುಗೆಯವರು ಬಡಿಸಲು ತಟ್ಟೆ ಜೋಡಿಸುತ್ತಿದ್ದ ಸದ್ದು ಹೊರಗೆ ಕೇಳುತ್ತಿತ್ತಂತೆ.

ವಾಪಸು ಬರುವಾಗ ಯಾರೂ ಹಾರ್ನ್ ಮಾಡಲಿಲ್ಲ. ಕಾರಿನಲ್ಲಿ ಬದ್ರಾ ಅಣ್ಣನ ಕಿವಿಯ ಹತ್ತಿರ ಬಾಗಿದಳು.

‘ಅಣ್ಣಾ, ನಿನ್ನೆ ರಾತ್ರಿ ನಡುಮನೇಲಿ ನೀನಿದ್ದೆ ಅಲ್ವಾ? ಎರಡನೇ ಬಾಗಿಲು ಅಂತ ಹೇಳಿದ್ದು ಕೇಳಿಸ್ತು.’

‘ಇಲ್ಲ,’ ಅಂದ ಜೆಲ್ಲೂಲ್. ‘ನಾನು ಮಲಗಿದ್ದೆ.’

‘ಆಯ್ತು ಅಣ್ಣಾ,’ ಅಂದಳು. ಮತ್ತೆ ಅವನ ಜೊತೆ ಅವಳು ಮಾತಾಡಿದ್ದಿಲ್ಲ.

ಅವನು ಆ ವಾರವೇ ರಾಜಧಾನಿಗೆ ಹೊರಟ. ಹೊರಡುವ ಮುಂಚೆ, ನಂಬುತ್ತೀರೋ ಇಲ್ಲವೋ, ನಿದ್ದೆ ಹೋಗಿದ್ದ ತಂಗಿಯ ಕೈಗಳ ಫೋಟೋ ತೆಗೆದುಕೊಂಡ. ಪ್ರದರ್ಶನದಲ್ಲಿ ಮನೆಯ ಚಿತ್ರಗಳ ನಡುವೆ ಅದನ್ನು ಎಲ್ಲಕ್ಕಿಂತ ದೊಡ್ಡದು ಮಾಡಿ ತೂಗುಹಾಕಿದ. ಜನ ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರಂತೆ. ಬೆಲೆ ಕೇಳುತ್ತಿದ್ದರಂತೆ. ಅವನು ಕೈಗವಸು ಹಾಕಿಕೊಂಡೇ ಎಲ್ಲರ ಕೈ ಕುಲುಕಿದನಂತೆ. ಮಿಲೂದ್ ಹೋಗಿ ನೋಡಿ ಬಂದ. ಬಂದವನು ಅವನ ಹೆಸರೆತ್ತಿದರೆ ಉಗುಳುತ್ತಾನೆ.

ತಾಯಿ ಮಗಳು ಅದೇ ಮನೆಯಲ್ಲಿದ್ದಾರೆ. ಹೋದ ರಂಜಾನಿನಲ್ಲಿ ನನ್ನ ಹೆಂಡತಿ ಉಪವಾಸ ಬಿಡುವಾಗ ಕುಡಿಯುವ ಹರೀರಾ ಸಾರು ಮಾಡಿ, ಒಂದು ಪಾತ್ರೆ ಅವರಿಗೂ ಕೊಟ್ಟು ಬಾ ಅಂತ ನನ್ನನ್ನು ಕಳಿಸಿದಳು. ಹಿಂದಿನ ಅಂಗಳದಿಂದ ಹೋದೆ. ಖೈರಾ ಒಲೆಯ ಮುಂದೆ ಕೂತಿದ್ದಳು. ಬದ್ರಾ ಎಲ್ಲಿ ಅಂತ ಕೇಳಿದೆ. ‘ಮೇಲೆ ಕೆಲಸ ಮಾಡ್ತಿದ್ದಾಳೆ,’ ಅಂದಳು. ಮೇಲ್ಮಹಡಿಯ ಬೀಗ ಅಂಗಳದಿಂದಲೇ ಕಾಣುತ್ತಿತ್ತು. ತುಕ್ಕು ಹಿಡಿದು ಹಾಗೇ ಇತ್ತು. ನಾನು ಪಾತ್ರೆ ಅಲ್ಲೇ ಇಟ್ಟು ಹೊರಟೆ.

ಅಂಗಳದ ಹಗ್ಗದಲ್ಲಿ ಒಂದೇ ಬಟ್ಟೆ ಒಣಹಾಕಿತ್ತು. ಬಿಳಿ ಏಪ್ರನ್, ಅಂಚಿಗೆ ಜಾಲರಿ ಇದ್ದದ್ದು, ಫ್ರೆಂಚರ ಮನೆಯ ಕೆಲಸದವರು ಕಟ್ಟುತ್ತಿದ್ದಂಥದ್ದು. ನಾನು ಅದರ ಕೆಳಗೆ ಬಗ್ಗಿ ದಾಟಿದೆ. ಒಂದು ಹನಿ ನನ್ನ ಕುತ್ತಿಗೆಯ ಮೇಲೆ ಬಿತ್ತು. ಡಿಸೆಂಬರ್ ಚಳಿ, ಬೆಳಗಿನಿಂದ ಗಾಳಿಗೆ ತೂಗಿದ್ದ ಬಟ್ಟೆ ಅದು... ಆ ಹನಿ ಬಿಸಿಯಾಗಿತ್ತು. ಇದನ್ನು ನನಗೆ ಯಾರೂ ಹೇಳಿದ್ದಲ್ಲ. ನನ್ನ ಕುತ್ತಿಗೆ ಮೇಲೇ ಬಿದ್ದದ್ದು.